ತಟ್ಟಿ ನೋಡಿದ್ದು

ಬಂಗಾರದ ಅಕ್ಷರ ಏಳು ಇದ್ದಿರಬೇಕು,
ನಾಲ್ಕು ಉಳಿದಿವೆ. ಮೇಲೊಂದು ಕಿರೀಟ,
ಅದಕ್ಕೂ ಒಂದೇ ಮೊನೆ.
ಈ ಹೆಸರು ನಾನು ಕೇಳಿಲ್ಲ.
ಮದರಾಸಿನ ಅಂಗಡಿಯ ಮುದುಕರಿಗೆ ಫೋನು ಮಾಡಿದೆ,
ಅವರೂ ಕೇಳಿಲ್ಲ.
"ಯಾರೋ ಮಾಡಿದ್ದು, ಇನ್ಯಾರೋ ಹೆಸರು ಬರೆಸಿದ್ದು,
ಆಗೆಲ್ಲ ಹಾಗೆ ನಡೀತಿತ್ತು. ಒಳಗೆ ನೋಡಪ್ಪ."

ಒಳಗೆ ನೋಡಿದೆ.

ಟಾರ್ಚು ಹಿಡಿದವನು ಶಿವಾರಪಟ್ಟಣದ ಕಾಳಾಚಾರಿ.
ಕರೆತಂದದ್ದು ಅವನ ಕಿವಿಗಲ್ಲ, ಅವನ ಟೆಂಪೊಗೆ;
ಒಂದೂವರೆ ಟನ್ನಿನ ನಂದಿಯನ್ನು
ಮೂತಿ ಮುಕ್ಕಾಗದಂತೆ ಹೊಸೂರಿಗೆ ಮುಟ್ಟಿಸಿದವನು,
ಪಿಯಾನೊ ಯಾವ ಲೆಕ್ಕ ಅಂದಿದ್ದ.
ಜೇಬಿನಲ್ಲಿ ನನ್ನ ಪಟ್ಟಿ, ಅದರ ಪಕ್ಕದಲ್ಲಿ
ಸುಗ್ಗಿಹಬ್ಬದ ಹರಾಜಿನ ದುಡ್ಡು:
ಒಂದೇ ಕುಂಬಳಕಾಯಿ ಚರ್ಚಿನಲ್ಲಿ ಮೂರು ಸಲ ಕೈಬದಲಾಗಿ
ನಾಲ್ಕು ಸಾವಿರ ತಂದಿತ್ತು.
ಆ ಕುಂಬಳಕಾಯಿಗೆ ನಾನು ಉತ್ತರ ಹೇಳಬೇಕು.

ತಂತಿಗಳ ಕೆಳಗೆ ಹಲಗೆಯ ತುಂಬ
ಸೈನೈಡ್ ದಿಬ್ಬದ ಧೂಳು, ರಾಗಿಹಿಟ್ಟಿಗಿಂತ ನಯ.
ಬೆರಳಲ್ಲಿ ಒರೆಸಿದರೆ ಕೂದಲೆಳೆಯ ಬಿರುಕು,
ಅಂಚು ಮುಟ್ಟಿಲ್ಲ, ಬದುಕುತ್ತದೆ.
ಬಿರಡೆಗಳಿಗೆ ಕೀಲಿ ಹಾಕಿ ತಿರುಗಿಸಿದೆ,
ಹೆಚ್ಚಿನವು ಬಿಗಿ, ಮಂದ್ರದ ಆರು
ಮುದುಕರ ಹಲ್ಲಿನಂತೆ ಆಡಿದವು.
ಸುತ್ತಿಗೆಗಳ ಉಣ್ಣೆಯಲ್ಲಿ ನಡುವಿನವಕ್ಕೆ ಮಾತ್ರ ಆಳದ ಗೀರು;
ತುದಿಯ ಮನೆಗಳಿಗೆ ಯಾರೂ ಹೋಗಿಯೇ ಇಲ್ಲ,
ಅಲ್ಲಿ ನುಸಿ ಹೋಗಿದೆ.

"ಮೂರನೇ ಕಾಲು ಬೇರೆ" ಅಂದೆ.
"ನಮ್ಮಪ್ಪಾ ಮಾಡಿದ್ದು" ಅಂದರು ಸೆಲ್ವಮೇರಿ,
"ಗಣಿಯೊಳಗೆ ಆಸರೆ ಕೊಡ್ತಾರಲ್ಲ, ಆ ಮರ.
ದೊರೆಗಳು ಹೋಗುವಾಗ ಕ್ಲಬ್ಬಿಂದ ಇಳಿಸೋಕೆ ಹೋಗಿ
ಮೆಟ್ಟಿಲ ಮೇಲೆ ಹಳೇ ಕಾಲು ಹೋಯ್ತು.
ಕಾಲಿಲ್ಲದ್ದು ಯಾರಿಗೆ ಬೇಕು? ನಮಗೆ ಬಂತು."
ಕೆಳಗೆ ಬಂಡೆ ಸಿಡಿದ ರಾತ್ರಿಗಳಲ್ಲಿ
ಯಾರೂ ಮುಟ್ಟದೆ ಇದು ಗುಂಯ್ ಅನ್ನುತ್ತಿತ್ತಂತೆ;
ಅವರಮ್ಮ ಎದ್ದು ದೀಪ ಹಚ್ಚಿ,
ಯಾವ ಪಾಳಿ ಇಳಿದಿದೆ ಎಂದು
ಬೆರಳು ಮಡಚಿ ಎಣಿಸುತ್ತಿದ್ದರಂತೆ.

ಇಂಥ ಕತೆ ಪಟ್ಟಿಯಲ್ಲಿ ಇಲ್ಲ.
ಮಾರುವವರು ಕತೆ ಹೇಳುತ್ತಾರೆ ಎಂದುಕೊಂಡು
ತಾರದ ಮನೆಗಳನ್ನು ಒಂದೊಂದೇ ಒತ್ತಿದೆ.
ಚಿಕ್ಕ ದನಿ, ಹುಣಿಸೆಬೀಜ ಕಲ್ಲಿಗೆ ಬಿದ್ದಂತೆ.
ಕೆಳಗೆ ಬಂದಾಗ ಮಾತ್ರ, ಆ ಸಡಿಲ ಬಿರಡೆಗಳಲ್ಲೂ,
ಏನೋ ಅಗಲವಾಗಿತ್ತು. ಏನೆಂದು ಬರೆದುಕೊಳ್ಳಲಿ?

ಆಗ ಕಾಳಾಚಾರಿ, ಯಾರೂ ಕೇಳದೆ,
ನೆಲಕ್ಕೆ ಅಂಗಾತ ಮಲಗಿ ಕೆಳಗೆ ಸರಿದ.
ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟುತ್ತಾ,
ಅಂಗೈ ಇಡುತ್ತಾ, ಕಿವಿ ಇಡುತ್ತಾ,
ಒಂದು ತುದಿಯಿಂದ ಇನ್ನೊಂದಕ್ಕೆ.
ಕಲ್ಲಿಗೂ ಹೀಗೇ, ಅಂದ ಕೆಳಗಿನಿಂದ:
ಗಂಟೆ ಹಾಗೆ ಅಂದರೆ ಗಂಡು,
ಕಂಚಿನ ತಾಳದ ಹಾಗೆ ಅಂದರೆ ಹೆಣ್ಣು,
ಏನೂ ಅನ್ನದಿದ್ದರೆ ಮೆಟ್ಟಿಲಿಗೆ.
"ಇದು?"
"ಸುಮ್ಮನಿರಿ ಮೇಷ್ಟ್ರೇ."

ಸುಮ್ಮನಿದ್ದೆವು.
ಹೊರಗೆ ಮಾರಿಕುಪ್ಪಂ ರೈಲು ಕೋರಮಂಡಲ್ ದಾಟಿತು.
ಕಿಟಕಿಯ ಸರಳಾಯಿತು, ಲೋಟವಾಯಿತು,
ಆಮೇಲೆ ಪಿಯಾನೊ,
ಎಲ್ಲ ತಂತಿಯೂ ಒಟ್ಟಿಗೆ, ಎಷ್ಟು ಸಣ್ಣಗೆ ಅಂದರೆ
ಮೊದಲು ನನ್ನ ಹಲ್ಲಿಗೆ ಗೊತ್ತಾಯಿತು.
ಸೆಲ್ವಮೇರಿಯ ಎಡಗೈ ಬೆರಳು
ಒಂದು, ಎರಡು ಎಂದು ತಾನೇ ಮಡಚಿಕೊಂಡಿತು.
ಕೆಳಗಿದ್ದವನು ತಟ್ಟುವುದನ್ನು ನಿಲ್ಲಿಸಿದ.

ನನಗೆ ಗೊತ್ತಿತ್ತು, ಅದು ದೋಷ.
ತಂತಿ ತಡೆಯುವ ಉಣ್ಣೆ ಪೂರ್ತಿ ಕೂರುತ್ತಿಲ್ಲ,
ಪೆಡಲಿನ ಸರಳು ಎಲ್ಲೋ ಸಿಕ್ಕಿಕೊಂಡಿದೆ,
ಒಂದು ಬೆಳಗಿನ ಕೆಲಸ.
ಪಟ್ಟಿ ತೆಗೆದು ಅದನ್ನೂ ಸೇರಿಸಿದೆ.
ಅದೇ ಹೇಳಿ ಆರು ಸಾವಿರ ಇಳಿಸಿದೆ.
ಅವರು ಒಪ್ಪಿ ಚಹಾ ತಂದರು.

ಟೆಂಪೊದಲ್ಲಿ ಬೇತಮಂಗಲದ ತಿರುವಿನ ತನಕ
ಕಾಳಾಚಾರಿ ಮಾತಾಡಲಿಲ್ಲ.
ಆಮೇಲೆ, ಗೇರು ಬದಲಿಸುತ್ತಾ:
"ಅದನ್ನ ರಿಪೇರಿ ಮಾಡ್ತೀರಾ?"